ಝೀರೋ ಫೀ ಇಂಡೆಕ್ಸ್ ಫಂಡ್: ಯಾವ ಖಾತೆಗೆ ಸರಿ, ಯಾವುದಕ್ಕೆ ಬೇಡ

ಮಾರ್ಚ್ ಬಂತೆಂದರೆ, ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗ ಹುಡುಗಿಯರಿಂದ ನನಗೆ ಒಂದೇ ಪ್ರಶ್ನೆ ಬರುತ್ತದೆ. "ಫಿಡೆಲಿಟಿಯಲ್ಲಿ ಝೀರೋ ಫಂಡ್ ಇದೆಯಂತಲ್ಲ, ಫೀಸೇ ಇಲ್ವಂತೆ. ರಾತ್ ಐಆರ್‌ಎಗೆ ಅದನ್ನೇ ತಗೊಳ್ಳಲಾ?" ಫಿಡೆಲಿಟಿ ಅನ್ನೋದು ಅಮೆರಿಕದ ದೊಡ್ಡ ಹೂಡಿಕೆ ಕಂಪನಿ. ಝೀರೋ ಫಂಡ್ ಅಂದರೆ ಅದು ಶುಲ್ಕವಿಲ್ಲದೆ ನಡೆಸುವ ಇಂಡೆಕ್ಸ್ ಫಂಡ್, ಷೇರುಗಳ ಒಂದು ಪಟ್ಟಿಯನ್ನು (ಇಂಡೆಕ್ಸ್) ಹಾಗೇ ಹಿಂಬಾಲಿಸುವಂಥದ್ದು. ರಾತ್ ಐಆರ್‌ಎ ಅಂದರೆ ತೆರಿಗೆ ಕಟ್ಟಿದ ದುಡ್ಡು ಹಾಕಿ, ನಿವೃತ್ತಿಯಲ್ಲಿ ತೆರಿಗೆ ಇಲ್ಲದೆ ತೆಗೆಯುವ ಖಾತೆ. ತಗೊಳ್ಳಿ ಅಂತ ಹೇಳಿ ಮುಗಿಸಬಹುದು. ಆದರೆ ಮರುವರ್ಷ ನೋಡಿದರೆ ಅವರು ಅದೇ ಫಂಡನ್ನು ಮಾಮೂಲಿ ಬ್ರೋಕರೇಜ್ ಖಾತೆಯಲ್ಲೂ (ತೆರಿಗೆ ರಿಯಾಯಿತಿ ಇಲ್ಲದ ಹೂಡಿಕೆ ಖಾತೆ) ಕೊಂಡು ಕೂತಿರುತ್ತಾರೆ. ಅಲ್ಲಿ ಅದು ಬೇಡ. ಫಂಡ್ ಒಂದೇ, ಶುಲ್ಕ ಒಂದೇ. ಇಟ್ಟ ಖಾತೆ ಬದಲಾದರೆ ಲೆಕ್ಕವೇ ಬದಲಾಗುತ್ತದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬಿಡಿಸಿದ್ದೇನೆ.

ನಾನು ಸಾಫ್ಟ್‌ವೇರ್ ಕೆಲಸದವನು, ಸಿಪಿಎ (ಅಮೆರಿಕದ ಸಿಎ) ಅಲ್ಲ. ಕೆಳಗಿರುವ ಮಿತಿಗಳೆಲ್ಲ 2026ನೇ ಸಾಲಿನವು. ಇವು ಹೆಚ್ಚುಕಮ್ಮಿ ಪ್ರತಿ ವರ್ಷ ಬದಲಾಗುತ್ತವೆ.

ಹಂತ 1: ನಿಜಕ್ಕೂ ಉಳಿಯುವುದು ಎಷ್ಟು, ಲೆಕ್ಕ ಹಾಕಿ

ಫಿಡೆಲಿಟಿ 2018ರ ಆಗಸ್ಟ್‌ನಲ್ಲಿ ಎರಡು ಝೀರೋ ಫಂಡ್ ತಂದಿತು. ಒಂದು ಅಮೆರಿಕದ ಇಡೀ ಮಾರುಕಟ್ಟೆಗೆ, ಟಿಕ್ಕರ್ (ಫಂಡಿನ ಗುರುತಿನ ಅಕ್ಷರಗಳು) ಎಫ್‌ಝಡ್‌ಆರ್‌ಓಎಕ್ಸ್. ಇನ್ನೊಂದು ಹೊರದೇಶಗಳಿಗೆ, ಎಫ್‌ಝಡ್‌ಐಎಲ್‌ಎಕ್ಸ್. ಮರುತಿಂಗಳೇ ಇನ್ನೆರಡು ಬಂದವು: ದೊಡ್ಡ ಕಂಪನಿಗಳಿಗೆ ಲಾರ್ಜ್ ಕ್ಯಾಪ್, ಉಳಿದ ಸಣ್ಣ ಮಧ್ಯಮ ಕಂಪನಿಗಳಿಗೆ ಎಕ್ಸ್‌ಟೆಂಡೆಡ್ ಮಾರ್ಕೆಟ್. ನಾಲ್ಕಕ್ಕೂ ಎಕ್ಸ್‌ಪೆನ್ಸ್ ರೇಶಿಯೋ (ವರ್ಷದ ಶುಲ್ಕ) ಸೊನ್ನೆ. ಕನಿಷ್ಠ ಹೂಡಿಕೆ ಅನ್ನೋದೂ ಇಲ್ಲ.

ಈಗ ಪಕ್ಕದಲ್ಲಿ ಏನಿದೆ ನೋಡಿ. ಅದೇ ಫಿಡೆಲಿಟಿಯ ಹಳೆಯ ಟೋಟಲ್ ಮಾರ್ಕೆಟ್ ಫಂಡ್ ಎಫ್‌ಎಸ್‌ಕೆಎಎಕ್ಸ್‌ಗೆ ವರ್ಷಕ್ಕೆ ಶೇ. 0.015. ವ್ಯಾನ್‌ಗಾರ್ಡ್‌ನ ವಿಟಿಐ ಇಟಿಎಫ್‌ಗೆ (ಷೇರಿನಂತೆ ಮಾರುಕಟ್ಟೆಯಲ್ಲೇ ಕೊಂಡು ಮಾರುವ ಫಂಡ್) ಶೇ. 0.03.

ರಾತ್ ಐಆರ್‌ಎಗೆ ಈ ವರ್ಷ ಹಾಕಬಹುದಾದ್ದು 7,500 ಡಾಲರ್. 50 ದಾಟಿದವರಿಗೆ 8,600. 7,500ಕ್ಕೆ ಶೇ. 0.015 ಅಂದರೆ 1 ಡಾಲರ್ 12 ಸೆಂಟ್. ವರ್ಷಕ್ಕೆ! ಇಂಡಿಯನ್ ಗ್ರೋಸರಿಯಲ್ಲಿ ಒಂದು ಸಮೋಸಾ ಸಿಗುತ್ತದೋ ಇಲ್ಲವೋ.

ಪೂರ್ತಿ ದುಡಿಮೆಯ ಲೆಕ್ಕ ಹಾಕೋಣ. ವರ್ಷಕ್ಕೆ 7,500ರಂತೆ 30 ವರ್ಷ ಹಾಕಿದಿರಿ, ಶೇ. 7 ಬೆಳೆಯಿತು ಅಂತ ಇಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ಅಂಕಿ ಅಷ್ಟೇ, ಯಾರೂ ಗ್ಯಾರಂಟಿ ಕೊಡುವುದಿಲ್ಲ. ಕೊನೆಗೆ ಸುಮಾರು 7.08 ಲಕ್ಷ ಡಾಲರ್. ಶೇ. 0.015 ಶುಲ್ಕ ಇದ್ದಿದ್ದರೆ ಅದರಲ್ಲಿ ಸುಮಾರು 1,900 ಡಾಲರ್ ಕಮ್ಮಿಯಾಗುತ್ತಿತ್ತು. ಅದೇ ಶೇ. 0.75 ಕೀಳುವ ಫಂಡ್ ಆಗಿದ್ದರೆ ಸುಮಾರು 89,000 ಡಾಲರ್ ಹೋಗುತ್ತಿತ್ತು.

ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ. ಮುಕ್ಕಾಲು ಪರ್ಸೆಂಟಿನಿಂದ ಶೇ. 0.03ಕ್ಕೆ ಇಳಿದವರು ಗೆಲ್ಲಬೇಕಾದ್ದನ್ನೆಲ್ಲ ಆಗಲೇ ಗೆದ್ದಾಯಿತು. ಅಲ್ಲಿಂದ ಸೊನ್ನೆಗೆ ಇಳಿಯುವುದು ಕೊಸರು. ಸಂತೆಯಲ್ಲಿ ತರಕಾರಿ ತೂಗಿಸಿದ ಮೇಲೆ ಚೀಲಕ್ಕೆ ಬೀಳುವ ಎರಡು ಎಸಳು ಕೊತ್ತಂಬರಿ ಇದ್ದ ಹಾಗೆ. ಬಂದರೆ ಒಳ್ಳೆಯದು, ಆದರೆ ಕೊಸರಿಗಾಗಿ ಅಂಗಡಿ ಬದಲಿಸುವ ಮುಂಚೆ ಯೋಚಿಸಬೇಕು.

ಹಂತ 2: ಫಂಡಿಗಿಂತ ಮೊದಲು ಖಾತೆಗಳ ಸಾಲು ಸರಿಮಾಡಿ

ಕೆಲಸದ ಕಡೆಯ ನಿವೃತ್ತಿ ಖಾತೆ 401ಕೆಯಲ್ಲಿ ಕಂಪನಿ ಮ್ಯಾಚ್ (ನೀವು ಹಾಕಿದ್ದಕ್ಕೆ ಕಂಪನಿ ಸೇರಿಸುವ ಪಾಲು) ಕೊಡುತ್ತಿದ್ದರೆ ಮೊದಲು ಅದನ್ನು ಪೂರ್ತಿ ತಗೊಳ್ಳಿ. ಆ ಪ್ಲಾನಿನಲ್ಲಿ ಝೀರೋ ಫಂಡ್ ಸಾಮಾನ್ಯವಾಗಿ ಇರುವುದಿಲ್ಲ. ಅವು ಫಿಡೆಲಿಟಿಯಲ್ಲಿ ಸ್ವಂತ ಖಾತೆ ತೆರೆದವರಿಗೆ ಅಂತ ಮಾಡಿದ ಫಂಡ್‌ಗಳು. ಇಲ್ಲ ಅಂತ ಬೇಜಾರೂ ಬೇಡ. ಪ್ಲಾನಿನ ಪಟ್ಟಿಯಲ್ಲಿ ಎಸ್ ಅಂಡ್ ಪಿ 500 (ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಪಟ್ಟಿ) ಅಥವಾ ಟೋಟಲ್ ಮಾರ್ಕೆಟ್ ಇಂಡೆಕ್ಸ್ ಯಾವುದಿದೆ, ಅದರ ಶುಲ್ಕ ಎಷ್ಟು ಅಂತ ಮಾತ್ರ ನೋಡಿ.

ವೈದ್ಯಕೀಯ ಖರ್ಚಿನ ಉಳಿತಾಯ ಖಾತೆ ಎಚ್‌ಎಸ್‌ಎ ವಿಷಯಕ್ಕೆ ಬಂದರೆ ಸ್ವಲ್ಪ ನಿಲ್ಲಬೇಕು. ಹೈ ಡಿಡಕ್ಟಿಬಲ್ ಇನ್ಶೂರೆನ್ಸ್ (ಮೊದಲ ದೊಡ್ಡ ಮೊತ್ತ ನಾವೇ ಕಟ್ಟಬೇಕಾದ ಆರೋಗ್ಯ ವಿಮೆ) ಇದ್ದವರಿಗೆ ಮಾತ್ರ ಈ ಖಾತೆ. ವರ್ಷದ ಮಿತಿ ಒಬ್ಬರಿಗೆ 4,400, ಫ್ಯಾಮಿಲಿಗೆ 8,750 ಡಾಲರ್. ಹಾಕುವಾಗ ಫೆಡರಲ್ ತೆರಿಗೆ ಇಲ್ಲ, ಬೆಳೆಯುವಾಗ ಇಲ್ಲ, ವೈದ್ಯಕೀಯ ಖರ್ಚಿಗೆ ತೆಗೆಯುವಾಗಲೂ ಇಲ್ಲ. ಇಂಥ ಖಾತೆ ಅಮೆರಿಕದಲ್ಲಿ ಇನ್ನೊಂದಿಲ್ಲ.

ಇಲ್ಲೇ ಒಬ್ಬ ಗೆಳೆಯ ಎಡವಿದ. ಕಂಪನಿ ಗೊತ್ತುಮಾಡಿದ ಎಚ್‌ಎಸ್‌ಎಯಲ್ಲಿ ಝೀರೋ ಫಂಡ್ ಇರಲಿಲ್ಲ. ಅದಕ್ಕೆ ಸಂಬಳದಿಂದ ಆಗುವ ಪೇರೋಲ್ ಕಡಿತವನ್ನೇ ನಿಲ್ಲಿಸಿ, ಕೈಯಿಂದ ದುಡ್ಡು ಹಾಕಲು ಹೊರಗೆ ಬೇರೆ ಎಚ್‌ಎಸ್‌ಎ ತೆರೆದ. ಪೇರೋಲ್ ಮೂಲಕ ಹೋದ ದುಡ್ಡಿಗೆ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ನ ಶೇ. 7.65 ತೆರಿಗೆ ಕೂಡ ಬೀಳುವುದಿಲ್ಲ. ಕೈಯಿಂದ ಹಾಕಿದರೆ ಬೀಳುತ್ತದೆ, ಫೈಲಿಂಗ್‌ನಲ್ಲೂ ಅದು ವಾಪಸ್ ಬರುವುದಿಲ್ಲ. 4,400ಕ್ಕೆ 336 ಡಾಲರ್ ಚಿಲ್ಲರೆ. ಸಂಬಳ ಸೋಷಿಯಲ್ ಸೆಕ್ಯುರಿಟಿಯ ಮಿತಿ ದಾಟಿದವರಿಗೆ ನಷ್ಟ ಕಮ್ಮಿ, ಇವನು ದಾಟಿರಲಿಲ್ಲ. ಒಂದು ಡಾಲರಿನ ಆಸೆಗೆ 336 ಹೋಯಿತು. ಅವನು ಮಾಡಬೇಕಾಗಿದ್ದು ಇಷ್ಟೇ: ಪೇರೋಲ್ ಹಾಗೇ ಬಿಟ್ಟು, ವರ್ಷಕ್ಕೊಮ್ಮೆ ಅಲ್ಲಿಂದ ಫಿಡೆಲಿಟಿ ಎಚ್‌ಎಸ್‌ಎಗೆ ಟ್ರಸ್ಟೀ ಟು ಟ್ರಸ್ಟೀ ವರ್ಗಾವಣೆ (ದುಡ್ಡು ಕೈಗೆ ಬರದೆ ನೇರ ಖಾತೆಯಿಂದ ಖಾತೆಗೆ) ಕೇಳುವುದು. ಅದಕ್ಕೂ ಕೆಲವು ಕಡೆ 20-25 ಡಾಲರ್ ಕೀಳುತ್ತಾರೆ, ಕೇಳಿಕೊಂಡು ಮಾಡಿ.

ಆಮೇಲೆ ರಾತ್ ಐಆರ್‌ಎ. ಎಚ್-1ಬಿಯಲ್ಲಿ ಇದ್ದವರೂ ತೆರೆಯಬಹುದು. ದುಡಿದ ಆದಾಯ ಇರಬೇಕು, ಅಷ್ಟೇ. ಎಚ್-4ನಲ್ಲಿ ಮನೆಯಲ್ಲಿರುವ ಹೆಂಡತಿಗೋ ಗಂಡನಿಗೋ ಸ್ವಂತ ಆದಾಯ ಇಲ್ಲದಿದ್ದರೂ, ಇಬ್ಬರೂ ಜಂಟಿಯಾಗಿ ಫೈಲ್ ಮಾಡಿದರೆ ಅವರ ಹೆಸರಲ್ಲೂ ಒಂದು ಐಆರ್‌ಎ ತುಂಬಬಹುದು. ಇದನ್ನು ಸ್ಪೌಸಲ್ ಐಆರ್‌ಎ ಅನ್ನುತ್ತಾರೆ. ನಮ್ಮವರಲ್ಲಿ ಬಹಳ ಮಂದಿಗೆ ಇದು ಗೊತ್ತೇ ಇಲ್ಲ. ವರ್ಷಕ್ಕೆ ಇನ್ನೊಂದು 7,500 ಸುಮ್ನೆ ಬಿಟ್ಟುಕೊಟ್ಟ ಹಾಗೆ.

ಆದಾಯದ ಮಿತಿ ನೋಡಿಕೊಳ್ಳಿ. ಒಬ್ಬರೇ ಇದ್ದರೆ 1,53,000 ಡಾಲರ್‌ನಿಂದ ಕಡಿತ ಶುರುವಾಗಿ 1,68,000ಕ್ಕೆ ಪೂರ್ತಿ ಬಾಗಿಲು ಮುಚ್ಚುತ್ತದೆ. ಜಂಟಿಯಾಗಿ ಫೈಲ್ ಮಾಡುವವರಿಗೆ 2,42,000ದಿಂದ 2,52,000. ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿದ್ದರೆ ಇದನ್ನು ದಾಟುವುದು ಕಷ್ಟವೇನಲ್ಲ. ದಾಟಿದ್ದು ಗೊತ್ತಾಗದೆ ನೇರವಾಗಿ ಹಾಕಿಬಿಟ್ಟರೆ, ಸರಿಪಡಿಸುವವರೆಗೂ ವರ್ಷಕ್ಕೆ ಶೇ. 6 ದಂಡ. ದಾಟಿದವರಿಗೆ ಬ್ಯಾಕ್‌ಡೋರ್ ದಾರಿ ಇದೆ: ಡಿಡಕ್ಷನ್ (ತೆರಿಗೆ ಕಡಿತ) ಕೇಳದೆ ಟ್ರೆಡಿಷನಲ್ ಐಆರ್‌ಎಗೆ (ತೆಗೆಯುವಾಗ ತೆರಿಗೆ ಬೀಳುವ ಖಾತೆ) ಹಾಕಿ, ಅದನ್ನು ರಾತ್‌ಗೆ ಬದಲಿಸಿ, ಫಾರ್ಮ್ 8606 ತುಂಬುವುದು. ಹಳೆಯ ಕಂಪನಿಯ 401ಕೆಯನ್ನು ಟ್ರೆಡಿಷನಲ್ ಐಆರ್‌ಎಗೆ ರೋಲ್‌ಓವರ್ (ವರ್ಗಾವಣೆ) ಮಾಡಿದ್ದರೆ ಪ್ರೋ ರೇಟಾ ನಿಯಮ ಅಡ್ಡ ಬರುತ್ತದೆ. ಆಗ ಬದಲಿಸಿದ್ದರಲ್ಲಿ ಒಂದು ಪಾಲಿಗೆ ತೆರಿಗೆ ಬೀಳುತ್ತದೆ. ಇದನ್ನು ನೋಡಿಕೊಳ್ಳದೆ ಬ್ಯಾಕ್‌ಡೋರ್‌ಗೆ ಕೈ ಹಾಕಬೇಡಿ.

ಹಂತ 3: ಡಬ್ಬದ ಮುಚ್ಚಳ ತೆಗೆದು ಒಳಗೇನಿದೆ ನೋಡಿ

ಸೊನ್ನೆ ಶುಲ್ಕ ಹೇಗೆ ಸಾಧ್ಯ? ಒಂದು ಕಾರಣ, ಇಂಡೆಕ್ಸ್ ಫಿಡೆಲಿಟಿಯ ಸ್ವಂತದ್ದು. ಎಸ್ ಅಂಡ್ ಪಿ ಹೆಸರು ಬಳಸಿದರೆ ಅವರಿಗೆ ಲೈಸೆನ್ಸ್ ದುಡ್ಡು ಕಟ್ಟಬೇಕು, ಇಲ್ಲಿ ಅದಿಲ್ಲ. ಹಾಗಾಗಿ ಝೀರೋ ಲಾರ್ಜ್ ಕ್ಯಾಪ್ ಫಂಡ್ ನೋಡಲು ಎಸ್ ಅಂಡ್ ಪಿ 500 ಥರಾನೇ ಇದ್ದರೂ ಅದು ಎಸ್ ಅಂಡ್ ಪಿ 500 ಅಲ್ಲ. ಇನ್ನೊಂದು ಕಾರಣ ಅಂಗಡಿಯ ಹಳೇ ವಿದ್ಯೆ. ನೀವು ಒಳಗೆ ಬಂದರೆ ಸಾಕು, ಉಳಿದ ವ್ಯವಹಾರವನ್ನೂ ಅಲ್ಲೇ ಮಾಡುತ್ತೀರಿ.

ಎಫ್‌ಝಡ್‌ಆರ್‌ಓಎಕ್ಸ್‌ನಲ್ಲಿ ಎಫ್‌ಎಸ್‌ಕೆಎಎಕ್ಸ್‌ಗಿಂತ ಕಮ್ಮಿ ಕಂಪನಿಗಳಿವೆ. ತೀರಾ ಸಣ್ಣವು ಬಿಟ್ಟುಹೋಗಿವೆ. ಅಮೆರಿಕದ ಮಟ್ಟಿಗೆ ಇದರಿಂದ ನಿದ್ದೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ, ಯಾಕೆಂದರೆ ಫಂಡಿನ ತೂಕವೆಲ್ಲ ಮೇಲಿನ ದೊಡ್ಡ ಕಂಪನಿಗಳಲ್ಲೇ ಇರುತ್ತದೆ. ಇಂಟರ್‌ನ್ಯಾಷನಲ್ ಫಂಡಿನಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಝೀರೋ ಫಂಡಿನಲ್ಲಿ ದೊಡ್ಡ ಮತ್ತು ಮಧ್ಯಮ ಕಂಪನಿಗಳು ಮಾತ್ರ. ಶೇ. 0.06 ತೆಗೆದುಕೊಳ್ಳುವ ಎಫ್‌ಟಿಐಎಚ್‌ಎಕ್ಸ್‌ನಲ್ಲಿ ಸಣ್ಣವೂ ಸೇರಿವೆ. 10,000 ಡಾಲರ್‌ಗೆ 6 ಡಾಲರ್ ಕೊಟ್ಟು ಸಣ್ಣ ಕಂಪನಿಗಳನ್ನೂ ತಗೊಳ್ಳಬೇಕಾ ಅನ್ನೋದು ನಿಮಗೆ ಬಿಟ್ಟದ್ದು. ನಾನು ಕೊಡುತ್ತೇನೆ.

ಇಂಡೆಕ್ಸ್ ಬೇರೆಯಾದ್ದರಿಂದ ಯಾವುದೋ ಒಂದು ವರ್ಷ ಝೀರೋ ಮುಂದಿರುತ್ತದೆ, ಇನ್ನೊಂದು ವರ್ಷ ಹಿಂದಿರುತ್ತದೆ. ಆ ಅಂತರ ಶೇ. 0.015ಕ್ಕಿಂತ ದೊಡ್ಡದಾಗಿರಬಹುದು. ಅಂಥದ್ದೊಂದು ವರ್ಷದ ಚಾರ್ಟ್ ತೋರಿಸಿ "ನೋಡಿ, ಫೀ ಇಲ್ಲದ್ದೇ ಗೆದ್ದಿದೆ" ಅನ್ನುವವರ ಮಾತು ನಂಬಬೇಡಿ. ಅಲ್ಲಿ ಗೆದ್ದಿದ್ದು ಫೀ ಅಲ್ಲ.

ಇನ್ನೊಂದು ಸಾಮಾನ್ಯ ತಪ್ಪು. ನಾಲ್ಕೂ ಝೀರೋ ಫಂಡ್‌ಗಳನ್ನು ಕಾಲು ಕಾಲು ಪಾಲು ಕೊಳ್ಳುವುದು. ಲಾರ್ಜ್ ಕ್ಯಾಪ್ ಮತ್ತು ಎಕ್ಸ್‌ಟೆಂಡೆಡ್ ಎರಡನ್ನೂ ಸರಿಯಾದ ತೂಕದಲ್ಲಿ ಸೇರಿಸಿದರೆ ಹೆಚ್ಚುಕಮ್ಮಿ ಟೋಟಲ್ ಮಾರ್ಕೆಟ್ಟೇ ಆಗುತ್ತದೆ. ಮೂರನ್ನೂ ಕೊಂಡರೆ ಅನ್ನದ ಜೊತೆ ಚಿತ್ರಾನ್ನ ಕಲಸಿಕೊಂಡ ಹಾಗೆ. ಟೋಟಲ್ ಒಂದು, ಬೇಕಿದ್ದರೆ ಇಂಟರ್‌ನ್ಯಾಷನಲ್ ಒಂದು. ಸಾಕು.

ಇಂಟರ್‌ನ್ಯಾಷನಲ್ ಫಂಡನ್ನು ಐಆರ್‌ಎಯಲ್ಲಿ ಇಡಬಾರದು ಅಂತ ಒಂದು ಮಾತು ಓಡಾಡುತ್ತದೆ. ಹೊರದೇಶಗಳು ಡಿವಿಡೆಂಡ್ ಮೇಲೆ ಹಿಡಿದುಕೊಂಡ ತೆರಿಗೆಗೆ ಮಾಮೂಲಿ ಖಾತೆಯಲ್ಲಿ ಫಾರಿನ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತದೆ, ಐಆರ್‌ಎಯಲ್ಲಿ ಸಿಗುವುದಿಲ್ಲ. ಮಾತು ನಿಜ. ನಾನೂ ನಂಬಿಕೊಂಡಿದ್ದೆ, ಒಂದು ಭಾನುವಾರ ಕೂತು ಲೆಕ್ಕ ಹಾಕುವವರೆಗೆ. 10,000 ಡಾಲರ್‌ಗೆ 300 ಡಿವಿಡೆಂಡ್, ಅದರಲ್ಲಿ 21 ಹೊರದೇಶದ ತೆರಿಗೆ ಅಂತ ಇಟ್ಟುಕೊಂಡೆ. ಮಾಮೂಲಿ ಖಾತೆಯಲ್ಲಿ ಶೇ. 15ರಂತೆ ಒಟ್ಟು 45 ಡಾಲರ್ ತೆರಿಗೆ, ಕ್ರೆಡಿಟ್ ಸೇರಿಸಿಯೇ. ರಾತ್ ಐಆರ್‌ಎಯಲ್ಲಿ ಆ 21 ಮಾತ್ರ. ಕ್ರೆಡಿಟ್ ಹೋದರೂ ಐಆರ್‌ಎಯಲ್ಲೇ ಕಮ್ಮಿ. ಇದಕ್ಕೋಸ್ಕರ ತಲೆ ಕೆಡಿಸಿಕೊಳ್ಳಬೇಡಿ.

ಹಂತ 4: ಒಳಗೆ ಬರುವ ಬಾಗಿಲು ಇದೆ, ಹೊರಗೆ ಹೋಗುವ ಬಾಗಿಲು?

ಇದೇ ಮುಖ್ಯವಾದ ಹಂತ. ಝೀರೋ ಫಂಡ್‌ಗಳು ಫಿಡೆಲಿಟಿಯಲ್ಲಿ ಮಾತ್ರ ಇರುತ್ತವೆ. ನಾಳೆ ನೀವು ವ್ಯಾನ್‌ಗಾರ್ಡ್‌ಗೋ ಶ್ವಾಬ್‌ಗೋ ಹೋಗಬೇಕೆಂದರೆ ಫಂಡನ್ನು ಹಾಗೇ ಎತ್ತಿಕೊಂಡು ಹೋಗಲು ಆಗುವುದಿಲ್ಲ. ಮಾರಿ, ದುಡ್ಡು ಮಾಡಿಕೊಂಡು ಹೋಗಬೇಕು.

ರಾತ್‌ನಲ್ಲಿ ಇದು ಏನೂ ಅಲ್ಲ. ಒಳಗೆ ಮಾರಿದರೆ ತೆರಿಗೆ ಇಲ್ಲ. ನಾಲ್ಕೈದು ದಿನ ದುಡ್ಡು ಮಾರುಕಟ್ಟೆಯ ಹೊರಗಿರುತ್ತದೆ, ಅಷ್ಟೇ.

ಮಾಮೂಲಿ ಖಾತೆಯಲ್ಲಿ ನೋಡಿ. 20,000 ಹಾಕಿದ್ದು ಹತ್ತು ಹನ್ನೆರಡು ವರ್ಷದಲ್ಲಿ 50,000 ಆಗಿದೆ. ಬ್ರೋಕರ್ ಬದಲಿಸಬೇಕೆಂದು ಮಾರಿದರೆ 30,000 ಲಾಭಕ್ಕೆ ಶೇ. 15ರಂತೆ 4,500 ಡಾಲರ್ ಫೆಡರಲ್ ತೆರಿಗೆ. ರಾಜ್ಯದ್ದು ಬೇರೆ. ಈ 50,000ಕ್ಕೆ ಶೇ. 0.015 ಶುಲ್ಕ ಅಂದರೆ ವರ್ಷಕ್ಕೆ ಏಳೂವರೆ ಡಾಲರ್. 4,500 ತುಂಬಲು 600 ವರ್ಷ ಬೇಕು. ಆ ತೆರಿಗೆ ಯಾವತ್ತಾದರೂ ಕಟ್ಟಬೇಕಾದ್ದೇ ಅಲ್ವಾ ಅಂತ ನೀವು ಕೇಳಬಹುದು. ಹೌದು, ಆದರೆ ಯಾವಾಗ ಅನ್ನೋದು ನಿಮ್ಮ ಕೈಯಲ್ಲಿರಬೇಕು. ಮಾಮೂಲಿ ಖಾತೆಗೆ ವಿಟಿಐ ಥರದ ಇಟಿಎಫ್ ಸಾಕು. ಯಾವ ಬ್ರೋಕರ್‌ಗೆ ಬೇಕಾದರೂ ಹಾಗೇ ವರ್ಗಾಯಿಸಬಹುದು. ಸೊನ್ನೆ ಶುಲ್ಕವೇ ಬೇಕು ಅನ್ನುವವರಿಗೆ ಬಿಎನ್‌ವೈ ಮೆಲನ್ 2020ರಲ್ಲಿ ತಂದ ಬಿಕೆಎಲ್‌ಸಿ ಇದೆ. ಅದೂ ಇಟಿಎಫ್ಫೇ, ಆದರೆ ಅದರಲ್ಲಿ ದೊಡ್ಡ ಕಂಪನಿಗಳು ಮಾತ್ರ.

ಈಗ ನ್ಯೂಜೆರ್ಸಿ ಮತ್ತು ಕ್ಯಾಲಿಫೋರ್ನಿಯಾದವರಿಗೆ ಒಂದು ಮಾತು. ನಮ್ಮ ಜನ ತುಂಬಿಕೊಂಡಿರುವ ಎರಡು ರಾಜ್ಯ. ಎಚ್‌ಎಸ್‌ಎಯನ್ನು ಒಪ್ಪದ ರಾಜ್ಯಗಳೂ ಇವೆರಡೇ. ರಾಜ್ಯದ ಕಣ್ಣಿಗೆ ನಿಮ್ಮ ಎಚ್‌ಎಸ್‌ಎ ಒಂದು ಮಾಮೂಲಿ ಖಾತೆ. ಪ್ರತಿ ವರ್ಷದ ಡಿವಿಡೆಂಡ್, ಮಾರಿದಾಗಿನ ಲಾಭ, ಎರಡನ್ನೂ ರಾಜ್ಯದ ರಿಟರ್ನ್‌ನಲ್ಲಿ ತೋರಿಸಬೇಕು. ಅಂದರೆ ಮೇಲೆ ಹೇಳಿದ ಬಾಗಿಲಿನ ಸಮಸ್ಯೆ ಇಲ್ಲಿ ಎಚ್‌ಎಸ್‌ಎಗೂ ಬರುತ್ತದೆ. ಮಾರಿ ಹೊರಟರೆ ಫೆಡರಲ್ ತೆರಿಗೆ ಸೊನ್ನೆ, ರಾಜ್ಯದ್ದು ಇದೆ. ಇಷ್ಟಾದರೂ ನಾನು ನನ್ನ ಎಚ್‌ಎಸ್‌ಎಯಲ್ಲಿ ಎಫ್‌ಝಡ್‌ಆರ್‌ಓಎಕ್ಸ್ ಇಟ್ಟುಕೊಂಡಿದ್ದೇನೆ. ಕಾರಣ ಶುಲ್ಕ ಅಲ್ಲ, ಸೋಮಾರಿತನ. ಅದು ಡಿವಿಡೆಂಡ್ ಕೊಡುವುದು ವರ್ಷಕ್ಕೆ ಒಂದೇ ಸಲ, ಡಿಸೆಂಬರ್‌ನಲ್ಲಿ. ಎಚ್‌ಎಸ್‌ಎ ಡಿವಿಡೆಂಡಿಗೆ 1099 (ಆದಾಯ ತಿಳಿಸುವ ತೆರಿಗೆ ಫಾರ್ಮ್) ಕೈಗೆ ಬರುವುದಿಲ್ಲ, ಸ್ಟೇಟ್‌ಮೆಂಟ್ ನೋಡಿ ನಾವೇ ಬರೆದುಕೊಳ್ಳಬೇಕು. ಒಂದು ಸಾಲು ಬರೆಯುವುದು, ಮೂರು ತಿಂಗಳಿಗೊಮ್ಮೆ ಡಿವಿಡೆಂಡ್ ಕೊಡುವ ಫಂಡಿಗೆ ನಾಲ್ಕು ಸಾಲು ಬರೆಯುವುದಕ್ಕಿಂತ ಸುಲಭ.

ಮಾಮೂಲಿ ಖಾತೆಯಲ್ಲಿ ನಷ್ಟಕ್ಕೆ ಮಾರಿ ತೆರಿಗೆ ಉಳಿಸುವ ಅಭ್ಯಾಸ ಇದ್ದವರು ವಾಶ್ ಸೇಲ್ ನಿಯಮ ನೋಡಿಕೊಳ್ಳಿ. ಹೊರಗೆ ನಷ್ಟಕ್ಕೆ ಮಾರಿದ 30 ದಿನದೊಳಗೆ, ಹಿಂದೆಯಾಗಲಿ ಮುಂದೆಯಾಗಲಿ, ರಾತ್ ಒಳಗೆ ಅದನ್ನೇ ಕೊಂಡರೆ ಆ ನಷ್ಟವನ್ನು ತೋರಿಸಲು ಆಗುವುದಿಲ್ಲ. ಆಟೋಮ್ಯಾಟಿಕ್ ಹೂಡಿಕೆ ಇಟ್ಟವರು ಇದರಲ್ಲಿ ಗೊತ್ತಿಲ್ಲದೇ ಸಿಕ್ಕಿಬೀಳುತ್ತಾರೆ. ಎರಡು ಖಾತೆಯಲ್ಲಿ ಎರಡು ಬೇರೆ ಫಂಡ್ ಇದ್ದರೆ ಈ ತಲೆನೋವು ಕಮ್ಮಿ.

ಹಂತ 5: ಹಾಕಿ ಬಿಡಬೇಡಿ, ಕೊಳ್ಳಿ

ಖಾತೆ ತೆರೆಯುವುದು ಹದಿನೈದು ನಿಮಿಷದ ಕೆಲಸ. ಬ್ಯಾಂಕ್ ಜೋಡಿಸಿ, ದುಡ್ಡು ಕಳಿಸಿ, ಯಾವ ವರ್ಷದ ಲೆಕ್ಕಕ್ಕೆ ಅಂತ ಆರಿಸಿ. 2026ರ ಪಾಲನ್ನು 2027ರ ಏಪ್ರಿಲ್ 15ರವರೆಗೂ ಹಾಕಬಹುದು. ಜನವರಿಯಿಂದ ಏಪ್ರಿಲ್‌ವರೆಗೆ ಪರದೆ ಎರಡೂ ವರ್ಷ ತೋರಿಸುತ್ತದೆ, ಅವಸರದಲ್ಲಿ ತಪ್ಪು ವರ್ಷ ಒತ್ತಬೇಡಿ.

ನನ್ನ ಮೊದಲ ರಾತ್‌ನ ಕತೆ ಕೇಳಿ. ದುಡ್ಡು ಹಾಕಿದೆ, ಬ್ಯಾಲೆನ್ಸ್ ಕಾಣಿಸಿತು, ಕೆಲಸ ಆಯಿತು ಅಂದುಕೊಂಡೆ. ಎಂಟು ತಿಂಗಳಾದ ಮೇಲೆ ಲಾಗಿನ್ ಆಗಿ ನೋಡಿದರೆ ಮಾರುಕಟ್ಟೆ ಮೇಲೆ ಹೋಗಿತ್ತು, ನನ್ನ ಅಂಕಿ ಮಾತ್ರ ಇದ್ದಲ್ಲೇ ಇತ್ತು. ಪೂರ್ತಿ ದುಡ್ಡು ಕ್ಯಾಶ್ ಸಾಲಿನಲ್ಲಿ ಕೂತಿತ್ತು. ಐಆರ್‌ಎ ಅನ್ನೋದು ಖಾಲಿ ಡಬ್ಬ, ಫಂಡ್ ಅನ್ನೋದು ಅದರೊಳಗಿನ ಅಕ್ಕಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಯಾವ ಶುಲ್ಕವೂ ನನಗೆ ಅಷ್ಟು ನಷ್ಟ ಮಾಡಿಲ್ಲ.

ಹಾಗಾಗಿ ಟ್ರೇಡ್ ಪರದೆಗೆ ಹೋಗಿ, ಮ್ಯೂಚುವಲ್ ಫಂಡ್ ಆರಿಸಿ, ಟಿಕ್ಕರ್ ಹಾಕಿ, ಡಾಲರ್‌ನಲ್ಲಿ ಮೊತ್ತ ಬರೆದು ಆರ್ಡರ್ ಕೊಡಿ. ಇದು ಷೇರಿನಂತೆ ತಕ್ಷಣ ಆಗುವುದಿಲ್ಲ. ಈಸ್ಟರ್ನ್ ಸಮಯ ಸಂಜೆ 4ಕ್ಕೆ ಮಾರುಕಟ್ಟೆ ಮುಚ್ಚಿದ ಮೇಲಿನ ಬೆಲೆಗೆ ಆಗುತ್ತದೆ. ಡಿವಿಡೆಂಡ್ ಮರುಹೂಡಿಕೆ ಆನ್ ಇದೆಯಾ ನೋಡಿ. ಆಮೇಲೆ ತಿಂಗಳಿಗೆ 625 ಡಾಲರ್ ಆಟೋಮ್ಯಾಟಿಕ್ ಇಟ್ಟರೆ ವರ್ಷಕ್ಕೆ ಸರಿಯಾಗಿ 7,500. ಹಾಗೆಯೇ ಬೆನಿಫಿಷಿಯರಿ (ನಿಮ್ಮ ನಂತರ ಖಾತೆ ಸೇರಬೇಕಾದವರ) ಹೆಸರು ತುಂಬಿ. ನಮ್ಮವರು ಇದನ್ನು ಯಾವಾಗಲೂ ನಾಳೆಗೆ ಮುಂದೂಡುತ್ತಾರೆ.

ಹಂತ 6: ಊರಿಗೆ ವಾಪಸ್ ಹೋಗುವ ಮನಸ್ಸಿದ್ದರೆ

ಬೆಂಗಳೂರಿಗೋ ಮೈಸೂರಿಗೋ ಮರಳುವ ಯೋಚನೆ ಇರುವವರು ಹೊರಡುವ ಮುಂಚೆ ಮೂರು ವಿಷಯ ವಿಚಾರಿಸಿ.

ಮೊದಲನೆಯದು, ವಿಳಾಸ ಭಾರತಕ್ಕೆ ಬದಲಾದ ಮೇಲೆ ಬಹಳ ಬ್ರೋಕರ್‌ಗಳು ಮ್ಯೂಚುವಲ್ ಫಂಡ್ ಹೊಸದಾಗಿ ಕೊಳ್ಳಲು ಬಿಡುವುದಿಲ್ಲ. ಕೆಲವರು ಖಾತೆಯನ್ನೇ ಬೇರೆಡೆಗೆ ಒಯ್ಯಿರಿ ಅನ್ನುತ್ತಾರೆ. ರಾತ್‌ನಲ್ಲಿ ಝೀರೋ ಫಂಡ್ ಇದ್ದರೆ, ಇನ್ನೂ ಅಮೆರಿಕದಲ್ಲಿರುವಾಗಲೇ ಅದನ್ನು ಮಾರಿ ಇಟಿಎಫ್‌ಗೆ ಬದಲಿಸಿಕೊಳ್ಳುವುದು ಸುಲಭ.

ಎರಡನೆಯದು ಭಾರತದ ತೆರಿಗೆ. 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 89ಎ ವಿಧಿ, ಅಮೆರಿಕದ ನಿವೃತ್ತಿ ಖಾತೆಗಳ ಆದಾಯಕ್ಕೆ ದುಡ್ಡು ತೆಗೆಯುವವರೆಗೂ ತೆರಿಗೆ ಮುಂದೂಡಲು ಅವಕಾಶ ಕೊಟ್ಟಿತು. ಆದರೆ ಅದರ ಮಾತು ಇರುವುದು ತೆಗೆಯುವಾಗ ತೆರಿಗೆ ಬೀಳುವ ಖಾತೆಗಳ ಬಗ್ಗೆ. ರಾತ್‌ನಲ್ಲಿ ತೆಗೆಯುವಾಗ ಅಮೆರಿಕ ತೆರಿಗೆ ಹಾಕುವುದೇ ಇಲ್ಲವಲ್ಲ! ಹಾಗಾಗಿ ರಾತ್‌ಗೆ ಅದು ಹೊಂದುತ್ತಾ ಅನ್ನೋದರಲ್ಲಿ ಸಿಎಗಳಲ್ಲೇ ಎರಡು ಅಭಿಪ್ರಾಯ. ಎರಡೂ ದೇಶದ ತೆರಿಗೆ ಗೊತ್ತಿರುವವರನ್ನು, ಆರ್‌ಎನ್‌ಒಆರ್ ಸ್ಥಿತಿ (ಮರಳಿದ ಮೊದಲ ಒಂದೆರಡು ವರ್ಷ, ಹೊರದೇಶದ ಆದಾಯಕ್ಕೆ ಸಾಮಾನ್ಯವಾಗಿ ಭಾರತದ ತೆರಿಗೆ ಬೀಳದ ಅವಧಿ) ಮುಗಿಯುವ ಮುಂಚೆಯೇ ಕೇಳಿ.

ಮೂರನೆಯದನ್ನು ಯಾರೂ ಎತ್ತುವುದೇ ಇಲ್ಲ. ಅಮೆರಿಕದ ಪ್ರಜೆಯಲ್ಲದವರು ಪೂರ್ತಿ ಊರಿಗೆ ಬಂದು ನೆಲೆಸಿದ ಮೇಲೆ ತೀರಿಕೊಂಡರೆ, ಅಮೆರಿಕದಲ್ಲಿರುವ ಆಸ್ತಿ 60,000 ಡಾಲರ್ ದಾಟಿದರೆ ಅಲ್ಲಿನ ಎಸ್ಟೇಟ್ ಟ್ಯಾಕ್ಸ್ ಬರುತ್ತದೆ. ಅಮೆರಿಕದ ಫಂಡ್, ಇಟಿಎಫ್ ಎರಡೂ ಇದರಲ್ಲಿ ಸೇರುತ್ತವೆ, ಐಆರ್‌ಎ ಒಳಗಿದ್ದರೂ ಕೂಡ. ಭಾರತಕ್ಕೂ ಅಮೆರಿಕಕ್ಕೂ ಈ ತೆರಿಗೆಯ ಬಗ್ಗೆ ಒಪ್ಪಂದ ಇಲ್ಲ.

ಊರಲ್ಲಿ ಎಸ್‌ಐಪಿ ನಡೆಸಿಕೊಂಡೇ ಅಮೆರಿಕದಲ್ಲಿ ಕೆಲಸ ಮಾಡುತ್ತಿರುವವರಿಗೆ ತೊಂದರೆ ಇದರ ಉಲ್ಟಾ. ಅಮೆರಿಕದ ತೆರಿಗೆ ನಿವಾಸಿಯ ಕೈಯಲ್ಲಿರುವ ಭಾರತದ ಮ್ಯೂಚುವಲ್ ಫಂಡ್ ಅಲ್ಲಿನ ಲೆಕ್ಕದಲ್ಲಿ ಪಿಎಫ್‌ಐಸಿ, ಅಂದರೆ ಹೊರದೇಶದ ಹೂಡಿಕೆ ಕಂಪನಿ. ಫಂಡಿಗೊಂದರಂತೆ ಫಾರ್ಮ್ 8621, ಅದರ ಮೇಲೆ ಬಡ್ಡಿ ಸೇರಿಸಿದ ಕಠಿಣ ತೆರಿಗೆ ಲೆಕ್ಕ. ಆ ಎಸ್‌ಐಪಿ ನಿಲ್ಲಿಸಬೇಕಾ ಅಂತ ಕೇಳುವ ಕೆಲಸ ರಾತ್‌ನಲ್ಲಿ ಯಾವ ಫಂಡ್ ಅಂತ ಕೇಳುವುದಕ್ಕಿಂತ ಮುಂಚೆ ಆಗಬೇಕು.